ಇಸಿಜಿ ನಾರ್ಮಲ್, ಆದರೂ ಎದೆನೋವು: ಚಿಕ್ಕ ವಯಸ್ಸಿನಲ್ಲಿ ಏನೇನು ಕಾರಣ ಇರಬಹುದು?

ಪ್ರಶ್ನೆ: ನನಗೆ 26 ವರ್ಷ. ದಿನಕ್ಕೆ ಒಂಬತ್ತು ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಮೂರು ವಾರದಿಂದ ಎದೆಯ ಎಡಭಾಗದಲ್ಲಿ ಆಗಾಗ ಚಳಕ್ ಎಂದು ಚುಚ್ಚುತ್ತದೆ. ಕೆಲವು ಸಲ ಎಷ್ಟು ಎಳೆದರೂ ಉಸಿರು ಪೂರ್ತಿ ತುಂಬಿದ ಹಾಗೆ ಅನ್ನಿಸುವುದಿಲ್ಲ. ರಾತ್ರಿ ಮಲಗಿದಾಗ ಇದು ಜಾಸ್ತಿ. ವಾರಕ್ಕೆರಡು ದಿನ ಷಟಲ್ ಆಡುತ್ತೇನೆ, ಆಗ ಏನೂ ಆಗುವುದಿಲ್ಲ. ಎರಡು ಸಲ ಇಸಿಜಿ ಮಾಡಿಸಿದೆ, ನಾರ್ಮಲ್ ಅಂದರು. ಒಬ್ಬ ವೈದ್ಯರು ಗ್ಯಾಸ್ಟ್ರಿಕ್ ಅಂದರು, ಇನ್ನೊಬ್ಬರು ಟೆನ್ಷನ್ ಅಂದರು. ಹೃದಯದ್ದೇ ಏನಾದರೂ ಇರಬಹುದೇ? ಇನ್ನೂ ಯಾವ ಪರೀಕ್ಷೆ ಮಾಡಿಸಬೇಕು?

ಉತ್ತರ: ನೀವು ಬರೆದಿರುವುದರಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಇಸಿಜಿಯದ್ದಲ್ಲ, ಷಟಲ್‌ನದು. ಹೃದಯದ ರಕ್ತನಾಳ ಕಿರಿದಾಗಿದ್ದರೆ ನೋವು ಬರುವುದು ಹೃದಯಕ್ಕೆ ಕೆಲಸ ಜಾಸ್ತಿಯಾದಾಗ. ಮೆಟ್ಟಿಲು ಹತ್ತುವಾಗ, ಓಡುವಾಗ, ಭಾರ ಎತ್ತುವಾಗ ಎದೆ ಹಿಡಿದುಕೊಳ್ಳುತ್ತದೆ. ನಿಂತು ಸುಧಾರಿಸಿಕೊಂಡರೆ ಕೆಲವು ನಿಮಿಷಗಳಲ್ಲಿ ಬಿಡುತ್ತದೆ. ನಿಮ್ಮದು ಇದಕ್ಕೆ ಪೂರಾ ತಿರುವುಮುರುವು: ಓಡಾಡಿ ಆಡುವಾಗ ಸುಮ್ಮನಿರುತ್ತದೆ, ಹಾಸಿಗೆಗೆ ಬಂದಾಗ ಕಾಡುತ್ತದೆ. ಹಾಗಾಗಿ ಹೃದಯದ ಅನುಮಾನ ಪಟ್ಟಿಯಲ್ಲಿ ತೀರಾ ಕೆಳಕ್ಕೆ ಇಳಿಯುತ್ತದೆ. ಪಟ್ಟಿಯಿಂದ ಅಳಿಸಿಹೋಗುವುದಿಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ಎಡಕ್ಕೆ ಬಂದರೆ ಹಾರ್ಟು, ನಡುವೆ ಬಂದರೆ ಗ್ಯಾಸು ಎಂಬ ಲೆಕ್ಕವನ್ನು ಮೊದಲು ಬಿಡಬೇಕು. ಹೃದಯದ ನೋವು ಹೆಚ್ಚಾಗಿ ಎದೆಯ ನಡುಮಧ್ಯದಲ್ಲೇ, ಅಂಗೈಯಗಲ ಜಾಗದಲ್ಲಿ, ಹಿಂಡಿದ ಹಾಗೆ ಅಥವಾ ಭಾರ ಹೇರಿದ ಹಾಗೆ ಬರುತ್ತದೆ. ಒಂದು ಬೆರಳ ತುದಿಯಿಂದ 'ಇಲ್ಲೇ' ಎಂದು ತೋರಿಸಬಹುದಾದ ಚುಚ್ಚುನೋವು ಹೃದಯದ್ದಾಗಿರುವುದು ಅಪರೂಪ. ನೋವು ಎಷ್ಟು ಜೋರು ಎಂಬುದೂ ದಾರಿ ತಪ್ಪಿಸುತ್ತದೆ. ಪಕ್ಕೆಲುಬಿನ ಸಂದಿನ ಊತ ಕಣ್ಣಲ್ಲಿ ನೀರು ತರಿಸಬಹುದು; ಹೃದಯಾಘಾತ ಬರೀ 'ಏನೋ ಒಂಥರಾ ಭಾರ' ಆಗಿಯೇ ಉಳಿಯಬಹುದು. ವೈದ್ಯರು ಕೇಳಬೇಕಾದದ್ದು, ನೀವು ಗಮನಿಸಬೇಕಾದದ್ದು ಇದು: ನೋವು ಯಾವುದಕ್ಕೆ ಏರುತ್ತದೆ, ಯಾವುದಕ್ಕೆ ಇಳಿಯುತ್ತದೆ, ಜೊತೆಯಲ್ಲಿ ಇನ್ನೇನು ಬರುತ್ತದೆ. ಉಸಿರೆಳೆದಾಗ, ಒತ್ತಿದಾಗ, ಮಗ್ಗುಲು ಬದಲಿಸಿದಾಗ, ಉಂಡಾಗ, ಮಲಗಿದಾಗ, ಓಡಿದಾಗ ಏನಾಗುತ್ತದೆ ಎಂಬುದು ಗೊತ್ತಾದರೆ ಅರ್ಧ ರೋಗನಿರ್ಣಯ ಆದ ಹಾಗೆ.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಈಗಲೇ ನೋವಿದ್ದರೆ, ಮುಂದೆ ಓದುವ ಮೊದಲು ಇಷ್ಟು ನೋಡಿಕೊಳ್ಳಿ. ಹಿಂಡುವ ನೋವು 15 ನಿಮಿಷ ದಾಟುವುದು, ನೋವಿನ ಜೊತೆಗೆ ತಣ್ಣನೆ ಬೆವರು ಅಥವಾ ವಾಂತಿ, ದವಡೆಗೋ ತೋಳಿಗೋ ಹರಡುವ ನೋವು, ಎದೆ ಸೀಳಿ ಬೆನ್ನಿಗೆ ಹೋದಂಥ ನೋವು, ಓಡುವಾಗ ಕಣ್ಣು ಕತ್ತಲೆ ಬಂದು ಬೀಳುವುದು, ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಕಫದಲ್ಲಿ ರಕ್ತ, ಇದ್ದಕ್ಕಿದ್ದಂತೆ ಒಂದೇ ಮಗ್ಗುಲಲ್ಲಿ ನೋವು ಬಂದು ಉಸಿರು ಸಿಕ್ಕಿಕೊಳ್ಳುವುದು. ಇವುಗಳಲ್ಲಿ ಯಾವೊಂದಿದ್ದರೂ ಆಂಬ್ಯುಲೆನ್ಸ್ ಕರೆಯಿರಿ, ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಹೃದಯಾಘಾತದ ಅನುಮಾನ ಬಲವಾಗಿದ್ದರೆ ಆಂಬ್ಯುಲೆನ್ಸ್‌ನವರು ಫೋನಿನಲ್ಲಿ 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಲು ಹೇಳಬಹುದು. ಆದರೆ ಬೆನ್ನಿಗೆ ಸೀಳುವ ನೋವಿದ್ದರೆ ಅದನ್ನು ಸ್ವಂತ ತೀರ್ಮಾನದಿಂದ ತೆಗೆದುಕೊಳ್ಳಬಾರದು. ಸೀಳಿರುವುದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯಾಗಿದ್ದರೆ ಆಸ್ಪಿರಿನ್‌ನಿಂದ ರಕ್ತಸ್ರಾವ ಹೆಚ್ಚುತ್ತದೆ.

ಈಗ ಇಸಿಜಿ. ಅದು ಸುಮಾರು 10 ಸೆಕೆಂಡಿನ ದಾಖಲೆ. ಆ ಹತ್ತು ಸೆಕೆಂಡಿನಲ್ಲಿ ಹೃದಯದ ವಿದ್ಯುತ್ ಹೇಗೆ ಹರಿಯಿತು ಎಂದು ತೋರಿಸುತ್ತದೆ, ಅಷ್ಟೆ. ನೋವಿರುವಾಗ ತೆಗೆದ ಇಸಿಜಿಗೆ ಇರುವ ಬೆಲೆ ನೋವಿಲ್ಲದಾಗ ತೆಗೆದದ್ದಕ್ಕೆ ಇಲ್ಲ. ಶ್ವಾಸಕೋಶ, ಪಕ್ಕೆಲುಬು, ಅನ್ನನಾಳ ಇವು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ 'ಇಸಿಜಿ ನಾರ್ಮಲ್, ಏನೂ ಇಲ್ಲ ಹೋಗಿ' ಎಂಬುದು ಅರ್ಧ ಉತ್ತರ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೊಪೊನಿನ್ ಪರೀಕ್ಷೆಗೂ ಒಂದು ಮಿತಿಯಿದೆ. ನೋವು ಶುರುವಾದ ಕೂಡಲೇ ತೆಗೆದರೆ ಏರಿರುವುದಿಲ್ಲ, ಅದಕ್ಕೇ ಕೆಲವು ಗಂಟೆ ಬಿಟ್ಟು ಎರಡನೇ ಸಲ ತೆಗೆಯುತ್ತಾರೆ.

ಇನ್ನು ನಿಮ್ಮ ಚುಚ್ಚುನೋವು. ಚಿಕ್ಕ ವಯಸ್ಸಿನವರ ಎದೆನೋವಿಗೆ ಬಹಳ ಸಾಮಾನ್ಯವಾದ ಕಾರಣ ಎದೆಗೂಡೇ. ಪಕ್ಕೆಲುಬು ನೇರವಾಗಿ ಎದೆಮೂಳೆಗೆ ಕೂಡುವುದಿಲ್ಲ, ನಡುವೆ ಒಂದು ತುಂಡು ಮೃದ್ವಸ್ಥಿ ಇದೆ. ಆ ಸಂದಿಯಲ್ಲಿ ಉರಿಯೂತವಾದರೆ ಕಾಸ್ಟೋಕಾಂಡ್ರೈಟಿಸ್ ಅನ್ನುತ್ತಾರೆ. ಎರಡರಿಂದ ಐದನೇ ಪಕ್ಕೆಲುಬಿನವರೆಗೆ ಹೆಚ್ಚು. ನೀವೇ ನೋಡಿಕೊಳ್ಳಬಹುದು: ಕತ್ತಿನ ಬುಡದ ಗುಳಿಯಿಂದ ಬೆರಳನ್ನು ಎದೆಮೂಳೆಯ ಮೇಲೆ ಕೆಳಕ್ಕೆ ಜಾರಿಸಿ. ಸುಮಾರು 5 ಸೆಂಟಿಮೀಟರ್ ಇಳಿದ ಮೇಲೆ ಅಡ್ಡಲಾಗಿ ಒಂದು ಏಣು ಸಿಗುತ್ತದೆ. ಅದರ ಪಕ್ಕಕ್ಕೆ ಕೂಡಿರುವುದೇ ಎರಡನೇ ಪಕ್ಕೆಲುಬು. ಅಲ್ಲಿಂದ ಒಂದೊಂದೇ ಕೆಳಗೆ ಎಣಿಸುತ್ತಾ, ಎದೆಮೂಳೆಯ ಅಂಚಿನಲ್ಲಿ ಮತ್ತು ಅದರಿಂದ ಎರಡು ಮೂರು ಬೆರಳು ಆಚೆಗೆ, ಉಗುರು ಬಿಳಿಚಿಕೊಳ್ಳುವಷ್ಟು ಒತ್ತಿ. ಬಲಗಡೆಯೂ ಹಾಗೇ ಮಾಡಿ ಹೋಲಿಸಿ. ಒತ್ತಿದರೆ ಎಲ್ಲರಿಗೂ ಸ್ವಲ್ಪ ನೋಯುತ್ತದೆ. ನಿಮ್ಮನ್ನು ಮೂರು ವಾರದಿಂದ ಕಾಡುತ್ತಿರುವ ಅದೇ ನೋವು ಏಳುತ್ತದೆಯೇ ಎಂಬುದು ಇಲ್ಲಿ ಪ್ರಶ್ನೆ. ಎದ್ದರೆ ಎದೆಗೂಡಿನ ಕಡೆಗೆ ತಕ್ಕಡಿ ವಾಲುತ್ತದೆ. ಪೂರ್ತಿ ತೀರ್ಪು ಅಲ್ಲ, ಏಕೆಂದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರಲ್ಲೂ ಕೆಲವರಿಗೆ ಒತ್ತಿದರೆ ನೋವಿರುತ್ತದೆ.

ಇದೇ ಎಂದಾದರೆ ಚಿಕಿತ್ಸೆ ಸರಳ, ತಾಳ್ಮೆ ಬೇಕು. ಬಿಸಿ ಶಾಖ ದಿನಕ್ಕೆರಡು ಸಲ 15 ನಿಮಿಷ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಆಸ್ತಮಾ ಇಲ್ಲದವರು ವೈದ್ಯರನ್ನು ಕೇಳಿಕೊಂಡು ಐದರಿಂದ ಏಳು ದಿನ ಐಬುಪ್ರೊಫೆನ್ 400 ಮಿ.ಗ್ರಾಂ ಊಟದ ಮೇಲೆ ದಿನಕ್ಕೆ ಮೂರು ಸಲ ತೆಗೆದುಕೊಳ್ಳಬಹುದು. ಪುಷ್‌ಅಪ್, ಬೆಂಚ್‌ಪ್ರೆಸ್ ಎರಡು ಮೂರು ವಾರ ನಿಲ್ಲಿಸಿ. ಮುಂದಕ್ಕೆ ಬಾಗಿ ಕೂರುವವರಿಗೆ ಬೆನ್ನಿನ ಮೇಲ್ಭಾಗದ ಸಂದುಗಳು ಬಿಗಿದು ನೋವು ಎದೆಯ ಮುಂಭಾಗಕ್ಕೆ ಹರಿಯುವುದೂ ಉಂಟು. 40–45 ನಿಮಿಷಕ್ಕೊಮ್ಮೆ ಏಳಿ. ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಊರಿ ಎದೆಯನ್ನು ಮುಂದಕ್ಕೆ ಚಾಚಿ 30 ಸೆಕೆಂಡ್ ನಿಲ್ಲಿ, ಹೀಗೆ ಮೂರು ಸಲ. ವಾಸಿಯಾಗಲು ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ವಾಸಿಯಾಗದಿರಲು ಒಂದು ಕಾರಣ ರೋಗಿಯ ಬೆರಳೇ: 'ಹೋಯಿತೇ' ಎಂದು ಗಂಟೆಗೊಮ್ಮೆ ಒತ್ತಿ ನೋಡುತ್ತಿದ್ದರೆ ಆ ಜಾಗ ಮಾಯುವುದು ಹೇಗೆ?

ಇನ್ನೊಂದು ಚುಚ್ಚುನೋವಿದೆ. ಕೂತಿದ್ದಾಗ ಇದ್ದಕ್ಕಿದ್ದಂತೆ ಎಡ ಎದೆಯಲ್ಲಿ ಸೂಜಿ ಚುಚ್ಚಿದಂತಾಗಿ, ಉಸಿರೆಳೆದರೆ ಇನ್ನೂ ಜೋರಾಗಿ, ಕೆಲವು ಸೆಕೆಂಡಿನಿಂದ ಮೂರು ನಿಮಿಷದೊಳಗೆ ಬಂದಷ್ಟೇ ಬೇಗ ಮಾಯವಾಗುತ್ತದೆ. ಪ್ರಿಕಾರ್ಡಿಯಲ್ ಕ್ಯಾಚ್ ಎಂಬ ಹೆಸರಿನಲ್ಲಿ 1955ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಇದರ ವಿವರ ಬಂದಿದೆ. ಮಕ್ಕಳಿಂದ ಇಪ್ಪತ್ತರ ಹರೆಯದವರವರೆಗೆ ಕಾಣಿಸಿಕೊಳ್ಳುತ್ತದೆ, ಅಪಾಯವಿಲ್ಲ, ಔಷಧಿಯೂ ಬೇಡ. ನೆಟ್ಟಗೆ ಕೂತು ಮೆಲ್ಲಗೆ ಉಸಿರಾಡಿದರೆ ಸಾಕು; ಕೆಲವರಿಗೆ ಒಮ್ಮೆ ಧೈರ್ಯವಾಗಿ ಪೂರ್ತಿ ಉಸಿರೆಳೆದಾಗ ಪಟ್ಟನೆ ಬಿಟ್ಟುಹೋಗುತ್ತದೆ.

'ಉಸಿರು ತುಂಬುವುದಿಲ್ಲ' ಎಂಬ ನಿಮ್ಮ ಎರಡನೇ ದೂರು ನೋವಿಗಿಂತ ಹೆಚ್ಚು ಹೇಳುತ್ತದೆ. ಸುಮ್ಮನಿದ್ದಾಗ ನಾವು ನಿಮಿಷಕ್ಕೆ 12ರಿಂದ 20 ಸಲ, ಸಲಕ್ಕೆ ಸುಮಾರು ಅರ್ಧ ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಆತಂಕವಾದಾಗ ಉಸಿರು ಜೋರಾಗುತ್ತದೆ, ನಡುನಡುವೆ ನಿಟ್ಟುಸಿರು ಬರುತ್ತದೆ, ಹೊರಗೆ ಬಿಡುವುದಕ್ಕಿಂತ ಒಳಗೆ ಎಳೆಯುವುದರ ಮೇಲೇ ಗಮನ ಇರುತ್ತದೆ. ಎದೆ ಆಗಲೇ ಹಿಗ್ಗಿ ನಿಂತಿರುವುದರಿಂದ ಮತ್ತೆ ಎಳೆದ ಗಾಳಿಗೆ ಜಾಗವಿಲ್ಲ. ತುಂಬಿದ ಕೊಡಕ್ಕೆ ನೀರು ಸುರಿಯುತ್ತಾ ತುಂಬುತ್ತಿಲ್ಲವಲ್ಲ ಎಂದು ಕೊರಗಿದ ಹಾಗೆ. ಇತ್ತ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದರಿಂದ ಮೆದುಳಿನ ರಕ್ತನಾಳ ಕಿರಿದಾಗಿ ತಲೆ ಹಗುರಾಗುತ್ತದೆ, ರಕ್ತದಲ್ಲಿ ಕೆಲಸಕ್ಕೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜೋಮು ಹಿಡಿಯುತ್ತದೆ, ಕೆಲವರ ಕೈ ಸೊಟ್ಟಗೆ ಸೆಟೆದುಕೊಳ್ಳುತ್ತದೆ. ಆಮ್ಲಜನಕಕ್ಕೆ ಏನೂ ಕೊರತೆಯಿರುವುದಿಲ್ಲ, ಆಕ್ಸಿಮೀಟರ್ 98, 99 ತೋರಿಸುತ್ತಿರುತ್ತದೆ. ಆಡುವಾಗ ಇದು ಬರುವುದಿಲ್ಲ, ಏಕೆಂದರೆ ಆಗ ಉಸಿರಿನ ಕಡೆ ಗಮನವಿಲ್ಲ, ದೇಹಕ್ಕೂ ಅಷ್ಟು ಗಾಳಿ ಬೇಕೇ ಇರುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಕಿವಿಗೆ ಬೀಳುವುದು ಉಸಿರು, ಎದೆಬಡಿತ ಎರಡೇ.

ಹೀಗಾದಾಗ ಎಳೆಯುವುದನ್ನು ಬಿಟ್ಟು ಹೊರಗೆ ಬಿಡುವುದನ್ನು ಉದ್ದ ಮಾಡಬೇಕು. ಮೂಗಿನಿಂದ 4 ಎಣಿಸುವವರೆಗೆ ಒಳಕ್ಕೆ, 6 ಎಣಿಸುವವರೆಗೆ ಹೊರಕ್ಕೆ, ಸೆಕೆಂಡಿಗೊಂದರಂತೆ. ನಿಮಿಷಕ್ಕೆ ಆರು ಉಸಿರಾಯಿತು. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರೆ ಏರಬೇಕಾದ್ದು ಆ ಕೈ, ಭುಜವಲ್ಲ. ಐದು ನಿಮಿಷ ಮಾಡಿ. ಗಾಬರಿ ಹಿಡಿದಾಗಲೇ ಇದನ್ನು ಕಲಿಯಲು ಹೋದರೆ ಬರುವುದಿಲ್ಲ, ನೆಮ್ಮದಿಯಾಗಿರುವಾಗ ದಿನಕ್ಕೆರಡು ಸಲ ರೂಢಿಮಾಡಿಕೊಂಡಿರಬೇಕು. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡ. ಒಳಗಿರುವುದು ಆಸ್ತಮಾ ಆಗಿದ್ದರೆ ಅದರಿಂದ ಆಮ್ಲಜನಕ ಕುಸಿಯುತ್ತದೆ.

'ಟೆನ್ಷನ್' ಎನ್ನುವುದು ಬೇರೇನೂ ಸಿಗದಾಗ ಅಂಟಿಸುವ ಚೀಟಿಯಾಗಬಾರದು. ಅದಕ್ಕೂ ಅದರದೇ ಲಕ್ಷಣಗಳಿವೆ: ನಿಟ್ಟುಸಿರು, ಜೋಮು, ಹತ್ತು ನಿಮಿಷದೊಳಗೆ ತುದಿಗೇರಿ ಅರ್ಧ ಗಂಟೆಯಲ್ಲಿ ಇಳಿಯುವ ಭಯದ ಅಲೆ, ಸತ್ತೇಹೋಗುತ್ತೇನೆಂಬ ಅನ್ನಿಸಿಕೆ. ಇವು ಇದ್ದರೆ ಪ್ಯಾನಿಕ್ ಎಂದು ಧೈರ್ಯವಾಗಿ ಹೇಳಬಹುದು. ಅದಕ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ ಔಷಧಿಯೂ ಚೆನ್ನಾಗಿ ಕೆಲಸ ಮಾಡುತ್ತವೆ. ಇವು ಇಲ್ಲದಿದ್ದರೆ ಹುಡುಕಾಟ ಮುಂದುವರಿಯಬೇಕು.

ಹೀಗೆ ಟೆನ್ಷನ್ ಎಂದು ತಳ್ಳಿಬಿಡುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಆಸ್ತಮಾ. ಸುಂಯ್ ಎನ್ನುವ ಸದ್ದು ಇರಲೇಬೇಕೆಂದಿಲ್ಲ. ಬರೀ ಎದೆ ಬಿಗಿತ, ಬರೀ ಒಣಕೆಮ್ಮು ಇರಬಹುದು. ಬೆಳಗಿನ ಜಾವ ಕೆಮ್ಮಿಗೆ ಎಚ್ಚರವಾಗುವುದು, ನಗುವಾಗ ಕೆಮ್ಮು, ಹೊಗೆ, ದೂಳು, ತಣ್ಣನೆ ಗಾಳಿಗೆ ಎದೆ ಹಿಡಿಯುವುದು, ಮನೆಯವರಲ್ಲಿ ಅಲರ್ಜಿ ಇರುವುದು ಇವೆಲ್ಲ ಸುಳಿವು. ವ್ಯಾಯಾಮದಿಂದ ಕೆರಳುವ ಬಗೆಯಲ್ಲಿ ಆಡುವಾಗ ಸರಿಯಿದ್ದು, ನಿಲ್ಲಿಸಿದ ಐದು ಹದಿನೈದು ನಿಮಿಷಕ್ಕೆ ಎದೆ ಬಿಗಿಯುತ್ತದೆ. ಆಟ ಮುಗಿಸಿ ಕೂತ ಮೇಲೆ ಹೇಗಿರುತ್ತದೆ ಎಂದು ಒಮ್ಮೆ ಗಮನಿಸಿ. ಪತ್ತೆಗೆ ಸ್ಪೈರೋಮೆಟ್ರಿ ಬೇಕು, ಅಂದರೆ ಎಷ್ಟು ಗಾಳಿ ಎಷ್ಟು ಬೇಗ ಹೊರಬರುತ್ತದೆ ಎಂದು ಊದಿಸಿ ಅಳೆಯುವ ಪರೀಕ್ಷೆ. ಒಮ್ಮೆ ಊದಿಸಿ, ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ 12ರಷ್ಟು, ಜೊತೆಗೆ ಕನಿಷ್ಠ 200 ಮಿ.ಲೀ. ಹೆಚ್ಚಿದರೆ ಆಸ್ತಮಾದ ಅನುಮಾನ ಗಟ್ಟಿಯಾಗುತ್ತದೆ. ಲಕ್ಷಣವಿಲ್ಲದ ದಿನ ಮಾಡಿಸಿದರೆ ನಾರ್ಮಲ್ ಬರಬಹುದು. ಆಗ ಊದುವ ಗಾಳಿಯ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಕೊಂಡು ಎರಡು ವಾರ ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಊದಿ, ಪ್ರತಿಸಲದ ಅತಿ ಹೆಚ್ಚಿನ ಅಂಕಿ ಬರೆದಿಡುವುದು ಒಳ್ಳೆಯ ದಾರಿ. ಇನ್ನೊಂದು ಎಚ್ಚರಿಕೆ: ಎದೆಬಡಿತ, ಟೆನ್ಷನ್ ಎಂದು ಕೊಡುವ ಪ್ರೊಪ್ರನೊಲಾಲ್ ಮಾತ್ರೆ ಆಸ್ತಮಾ ಇರುವವರ ಶ್ವಾಸನಾಳವನ್ನು ಬಿಗಿಗೊಳಿಸುತ್ತದೆ. ಅದನ್ನು ಬರೆದುಕೊಡುವ ಮೊದಲು ಕೆಮ್ಮಿನ ಪ್ರಶ್ನೆ ಕೇಳಿಯೇ ತೀರಬೇಕು.

ಗ್ಯಾಸ್ಟ್ರಿಕ್ ಎಂದವರೂ ಪೂರ್ತಿ ತಪ್ಪಿರಲಿಕ್ಕಿಲ್ಲ. ಮಲಗಿದಾಗ ಹೆಚ್ಚಾಗುವುದು ಆಮ್ಲ ಮೇಲಕ್ಕೆ ಬರುವುದರ ಗುರುತೂ ಹೌದು. ಎದೆಮೂಳೆಯ ಹಿಂದೆ ಉರಿ, ಹುಳಿತೇಗು, ಬಗ್ಗಿದಾಗ ಬಾಯಿಗೆ ಹುಳಿ ಬರುವುದು ಇದ್ದರೆ ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಇಡಿ, ಎಡ ಮಗ್ಗುಲಲ್ಲಿ ಮಲಗಿ, ಮಂಚದ ತಲೆಗಡೆಯ ಕಾಲಿಗೆ 15–20 ಸೆಂಟಿಮೀಟರ್ ಎತ್ತರ ಕೊಡಿ. ಎರಡು ದಿಂಬು ಇಟ್ಟುಕೊಳ್ಳುವುದರಿಂದ ಸೊಂಟ ಬಾಗಿ ಹೊಟ್ಟೆಯ ಒತ್ತಡ ಹೆಚ್ಚುತ್ತದೆಯೇ ಹೊರತು ಪ್ರಯೋಜನವಿಲ್ಲ. ಒಮೆಪ್ರಜೋಲ್‌ನಂಥ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ಉಂಡ ಮೇಲೆ ನುಂಗಿ ಕೆಲಸ ಮಾಡಲಿಲ್ಲ ಎನ್ನುವವರೇ ಹೆಚ್ಚು. ಮೊಡವೆಗೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರಲ್ಲಿ ಇನ್ನೊಂದು ಬಗೆ ಕಾಣಿಸುತ್ತದೆ. ಗುಟುಕು ನೀರಿನಲ್ಲಿ ನುಂಗಿ ಹಾಗೇ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಸುಡುತ್ತದೆ, ಮರುದಿನ ಏನು ನುಂಗಿದರೂ ಎದೆ ಕೊರೆಯುತ್ತದೆ. ಅಂಥ ಮಾತ್ರೆಗೆ ಒಂದು ಲೋಟ ನೀರು, ಆಮೇಲೆ ಅರ್ಧ ಗಂಟೆ ಕೂತಿರಬೇಕು. ತೇಗು ಬಂದು ಹಗುರಾಯಿತು ಎಂಬ ಒಂದೇ ಕಾರಣಕ್ಕೆ ಇದು ಗ್ಯಾಸೇ ಎಂದು ತೀರ್ಮಾನಿಸಬೇಡಿ, ಹೃದಯಾಘಾತವಾದವರಿಗೂ ಹಾಗನ್ನಿಸಿದ್ದುಂಟು.

ಅಪರೂಪವಾದರೂ ತಪ್ಪಿಸಿಕೊಳ್ಳಬಾರದವು ಕೆಲವಿವೆ. ಉದ್ದಗೆ, ಸಣಕಲಾಗಿರುವ ಹುಡುಗರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ, ಶ್ವಾಸಕೋಶದ ತುದಿಯ ಸಣ್ಣ ಗುಳ್ಳೆ ಒಡೆದು ಗಾಳಿ ಎದೆಗೂಡಿನೊಳಗೆ ಸೋರುತ್ತದೆ. ಇದು ನ್ಯೂಮೋಥೊರಾಕ್ಸ್. ಭಾರ ಎತ್ತಬೇಕೆಂದಿಲ್ಲ, ಸುಮ್ಮನೆ ಕೂತಿದ್ದಾಗಲೇ ಆಗುತ್ತದೆ. ಒಂದೇ ಕಡೆ ಚುಚ್ಚು, ಜೊತೆಗೆ ಉಸಿರು ಕಟ್ಟುವುದು. ವಿಚಿತ್ರವೆಂದರೆ ಒಂದೆರಡು ದಿನದಲ್ಲಿ ನೋವು ತಾನೇ ತಗ್ಗಬಹುದು, ಶ್ವಾಸಕೋಶ ಕುಗ್ಗಿಯೇ ಇರುತ್ತದೆ. ಆಕ್ಸಿಮೀಟರ್ ಅಂಕಿಯೂ ಚೆನ್ನಾಗಿಯೇ ಇರಬಹುದು. ನಿಲ್ಲಿಸಿ ತೆಗೆದ ಎಕ್ಸ್-ರೇಯಲ್ಲಿ ಹೆಚ್ಚಾಗಿ ಗೊತ್ತಾಗುತ್ತದೆ. ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಸಾಕಷ್ಟಿದೆ. ಪೂರ್ತಿ ಹಿಗ್ಗಿದೆ ಎಂದು ಎಕ್ಸ್-ರೇ ಹೇಳುವವರೆಗೆ ವಿಮಾನ ಹತ್ತುವಂತಿಲ್ಲ.

ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಬಂದು ಸಿಕ್ಕಿಕೊಳ್ಳುವುದು ಇನ್ನೊಂದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ಗರ್ಭ, ಹೆರಿಗೆಯಾದ ಮೊದಲ ಆರು ವಾರ, ನಾಲ್ಕು ವಾರದೊಳಗೆ ಆದ ಶಸ್ತ್ರಚಿಕಿತ್ಸೆ, ಪ್ಲಾಸ್ಟರ್ ಹಾಕಿದ ಕಾಲು, ಬಹಳ ಹೊತ್ತಿನ ಪ್ರಯಾಣ ಇವುಗಳ ಹಿಂದೆ ಬರುತ್ತದೆ. ಒಂದೇ ಮೀನಖಂಡ ಊದಿ ನೋಯುವುದು, ಸುಮ್ಮನಿದ್ದಾಗಲೂ ನಾಡಿ 100ರ ಮೇಲಿರುವುದು, ನಾಲ್ಕು ಹೆಜ್ಜೆಗೇ ಏದುಸಿರು ಬರುವುದು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹಾಗೆಂದು ಎಲ್ಲರೂ ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆ ಮಾಡಿಸುವುದು ಸರಿಯಲ್ಲ. ಸೋಂಕು, ಗರ್ಭ, ಪೆಟ್ಟು ಏನಿದ್ದರೂ ಅದು ಏರುತ್ತದೆ, ಆಮೇಲೆ ಸುಮ್ಮಸುಮ್ಮನೆ ಸಿಟಿ ಸ್ಕ್ಯಾನ್ ಆಗುತ್ತದೆ.

ಹೃದಯದಲ್ಲೇ ಆದರೆ ಈ ವಯಸ್ಸಿನಲ್ಲಿ ನೆನೆಯಬೇಕಾದದ್ದು ಹೃದಯದ ಪೊರೆಯ ಉರಿಯೂತ, ಅಂದರೆ ಪೆರಿಕಾರ್ಡೈಟಿಸ್. ಜ್ವರ, ನೆಗಡಿ ಬಂದುಹೋದ ಮೇಲೆ ಶುರುವಾಗಿ, ಅಂಗಾತ ಮಲಗಿದರೆ ಜೋರಾಗಿ, ಎದ್ದು ಮುಂದಕ್ಕೆ ಬಾಗಿ ಕೂತರೆ ಕಡಿಮೆಯಾಗುತ್ತದೆ. ನಿಮಗೆ ರಾತ್ರಿ ಜಾಸ್ತಿ ಎಂದಿರುವುದರಿಂದ ಇದೊಂದನ್ನು ಪರೀಕ್ಷಿಸಿ ನೋಡಿ: ನೋವು ಬಂದಾಗ ಎದ್ದು ಕೂತು ಮೊಣಕಾಲ ಮೇಲೆ ಮೊಣಕೈ ಊರಿ. ಒಂದೆರಡು ನಿಮಿಷದಲ್ಲಿ ಸ್ಪಷ್ಟವಾಗಿ ಹಗುರಾದರೆ ವೈದ್ಯರಿಗೆ ಇದೇ ಮಾತಿನಲ್ಲಿ ಹೇಳಿ. ಉರಿಯೂತ ಸ್ನಾಯುವಿಗೇ ತಗುಲಿದರೆ ಮಯೋಕಾರ್ಡೈಟಿಸ್. ಸುಸ್ತು, ಎದೆಬಡಿತ, ಏದುಸಿರು ಬರುತ್ತವೆ, ಟ್ರೊಪೊನಿನ್ ಏರುತ್ತದೆ. ಅಂಥವರು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಮೈ ದಣಿಸುವ ಆಟಕ್ಕೆ ಇಳಿಯಬಾರದು. ಜ್ವರವಿರುವಾಗ ಜಿಮ್‌ಗೆ ಹೋಗಬೇಡಿ ಎನ್ನುವುದು ಇದಕ್ಕೇ. ಹುಟ್ಟಿನಿಂದ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯಲ್ಲಿ ಮತ್ತು ಹೃದಯದ ರಕ್ತನಾಳ ತಪ್ಪು ಜಾಗದಿಂದ ಹೊರಟಿರುವವರಲ್ಲಿ ತೊಂದರೆ ಕಾಣುವುದು ಹೆಚ್ಚಾಗಿ ಓಟದ ನಡುವೆ. ಹೃದಯಾಘಾತ ಇಪ್ಪತ್ತರಲ್ಲಿ ಅಪರೂಪ, ಮೂವತ್ತು ದಾಟಿದ ಮೇಲೆ ಅಷ್ಟೇನೂ ಅಲ್ಲ. ಸಿಗರೇಟು, ಸಕ್ಕರೆ ಕಾಯಿಲೆ, 190 ದಾಟಿದ ಎಲ್‌ಡಿಎಲ್ ಕೊಲೆಸ್ಟರಾಲ್, 55ರೊಳಗೆ ಹೃದಯಾಘಾತವಾದ ತಂದೆ ಅಥವಾ ಅಣ್ಣತಮ್ಮ, 65ರೊಳಗೆ ಆದ ತಾಯಿ ಅಥವಾ ಅಕ್ಕತಂಗಿ ಇದ್ದರೆ ವಯಸ್ಸಿನ ಧೈರ್ಯ ನಂಬಬೇಡಿ.

ಏದುಸಿರು ಮುಖ್ಯವಾಗಿದ್ದು ನೋವು ಕಡಿಮೆಯಿದ್ದರೆ ರಕ್ತಹೀನತೆ ನೋಡಿಸಿ, ಹಿಮೋಗ್ಲೋಬಿನ್ ಹೆಂಗಸರಲ್ಲಿ 12, ಗಂಡಸರಲ್ಲಿ 13ಕ್ಕಿಂತ ಕಡಿಮೆಯಿರಬಾರದು. ಸಂಜೆ ಜ್ವರ, ತೂಕ ಇಳಿಯುವುದು, ಎರಡು ವಾರ ದಾಟಿದ ಕೆಮ್ಮು ಇದ್ದರೆ ಕ್ಷಯದ ಅನುಮಾನ. ಒಂದೇ ಕಡೆ ಪಟ್ಟಿ ಕಟ್ಟಿದ ಹಾಗೆ ಉರಿ ಬಂದು ಕೆಲವು ದಿನಕ್ಕೆ ಗುಳ್ಳೆ ಎದ್ದರೆ ಸರ್ಪಸುತ್ತು.

ನಿಮ್ಮ ಮಟ್ಟಿಗೆ ಮುಂದಿನ ಹೆಜ್ಜೆ ಇಷ್ಟು. ಒಬ್ಬರೇ ವೈದ್ಯರ ಹತ್ತಿರ ಹೋಗಿ, ಅಂಗಿ ಬಿಚ್ಚಿಸಿ ಎದೆ ಮುಟ್ಟಿ, ಸ್ಟೆತೊಸ್ಕೋಪ್ ಇಟ್ಟು ನೋಡಲಿ. ಈ ಪರೀಕ್ಷೆ ಆಗದೆಯೇ ಎಷ್ಟೋ ಇಸಿಜಿಗಳು ಆಗಿಹೋಗುತ್ತವೆ. ರಕ್ತದೊತ್ತಡ, ಆಕ್ಸಿಮೀಟರ್, ಒಂದು ಎದೆಯ ಎಕ್ಸ್-ರೇ, ಹಿಮೋಗ್ಲೋಬಿನ್, ಥೈರಾಯ್ಡ್, ಕೆಮ್ಮಿನ ಸುಳಿವಿದ್ದರೆ ಸ್ಪೈರೋಮೆಟ್ರಿ. ಎಕೋ (ಹೃದಯದ ಸ್ಕ್ಯಾನ್) ಬೇಕಾಗುವುದು ಹೃದಯದಲ್ಲಿ ಮರ್ಮರ (ಬಡಿತದ ನಡುವಿನ ಹೆಚ್ಚುವರಿ ಸದ್ದು) ಕೇಳಿಸಿದರೆ, ಓಡುವಾಗ ತೊಂದರೆ ಶುರುವಾದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ದಿಢೀರ್ ತೀರಿಕೊಂಡಿದ್ದರೆ. ಟ್ರೆಡ್‌ಮಿಲ್ ಪರೀಕ್ಷೆ ನಿಮ್ಮಂಥವರಲ್ಲಿ ಸುಳ್ಳು ಪಾಸಿಟಿವ್ ಕೊಟ್ಟು, ಅಂದರೆ ಇಲ್ಲದ ಕಾಯಿಲೆ ಇದೆಯೆಂದು ತೋರಿಸಿ, ಹೊಸ ಭಯ ಹುಟ್ಟಿಸುವುದೇ ಹೆಚ್ಚು.

ಹೋಗುವ ಮೊದಲು ಒಂದು ವಾರ ಬರೆದಿಡಿ: ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ಇತ್ತು, ಆಗ ಏನು ಮಾಡುತ್ತಿದ್ದಿರಿ, ಏನು ಮಾಡಿದಾಗ ಹೋಯಿತು. ಜೊತೆಗೆ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಿರಿ. ಗಾಬರಿಯಲ್ಲಿ ನಾಡಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಗುಂಡಿ ಒತ್ತಿದಂತೆ ಒಮ್ಮೆಲೇ 150 ದಾಟಿ ಒಮ್ಮೆಲೇ ನಿಂತರೆ ಅದು ಬಡಿತದ ಲಯದ ತೊಂದರೆ ಇರಬಹುದು. ಹಾಗೆ ಆಗುತ್ತಿರುವ ಹೊತ್ತಿನಲ್ಲೇ ಇಸಿಜಿ ತೆಗೆಸಬೇಕು. ಕೈಗಡಿಯಾರದ ಇಸಿಜಿ ಇದನ್ನು ಹಿಡಿಯಲು ನೆರವಾಗುತ್ತದೆ, ಹೃದಯಾಘಾತ ಇಲ್ಲವೆಂದು ಹೇಳಲು ಮಾತ್ರ ಅದರಿಂದ ಆಗುವುದಿಲ್ಲ.